ಪದಪಂದ್ಯವೂ ಕೊಟ್ಟ ಮಾತೂ

ವಿಡಿಯೋ ಆಟವೆಂದೊಡನೆ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಕಣ್ಣು ಕೆಡಿಸುವ, ಹೊತ್ತು ನುಂಗುವ, ಓದನ್ನು ಮೂಲೆಗೊತ್ತುವ ಚಟವೆಂದೇ ಅವರ ಅಭಿಪ್ರಾಯ. ಆ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಪರೀಕ್ಷೆಯ ಹಿಂದಿನ ದಿನ ನಾನೇ ಆಡುತ್ತ ಕುಳಿತು ಮರುದಿನ ಪರಿತಪಿಸಿದ್ದುಂಟು. ಆದರೆ ಇಂಥ ಆಟದ ಮಡಿಲಿನಲ್ಲಿಯೇ ಒಮ್ಮೆ ಪದಗಳ ಒಗಟಿನ ಒಂದು ದೊಡ್ಡ ಪಂದ್ಯ ಹುಟ್ಟಿತ್ತೆಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಆ ಪಂದ್ಯದ ರಚನೆ ಹೇಗಿತ್ತು, ಅದರಲ್ಲಿ ಮೆಚ್ಚತಕ್ಕದ್ದೇನು, ಅದು ಎಲ್ಲಿ ಎಡವಿತು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಇದನ್ನು ಬರೆಯಲು ನನಗೆ ಸ್ವಂತದ ಕಾರಣವೊಂದಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಮೊಬೈಲ್ ಫೋನಿನಲ್ಲಿ ಅಂತರಜಾಲದ ಮೂಲಕ ಕೂಡಿ ಆಡುವ ಗೆಳೆಯರ ಗುಂಪೊಂದು ನಮ್ಮಲ್ಲಿದೆ. ಕೆಲವರು ವಿದ್ಯಾರ್ಥಿನಿಲಯದವರು, ಕೆಲವರು ಹಳ್ಳಿಗಳಿಂದ ಬಸ್ಸಿನಲ್ಲಿ ಬಂದುಹೋಗುವವರು. ಕಳೆದ ವರ್ಷ ದೀಪಾವಳಿಯ ರಜೆಯಲ್ಲಿ, ಬರಿಯ ಗುಂಡು ಹಾರಿಸುವ ಆಟ ಸಾಕೆನಿಸಿ, ಈ ಗುಂಪಿಗಾಗಿ ಒಂದು ಕನ್ನಡ ಪದಪಂದ್ಯವನ್ನು ನಡೆಸುವ ಹುಮ್ಮಸ್ಸು ನನಗೆ ಬಂದಿತು. ಹತ್ತು ಸುಳಿವುಗಳು, ಹತ್ತು ಪದಗಳು. ಹತ್ತನ್ನೂ ಸರಿಯಾಗಿ ಬರೆದವರಿಗೆ ಒಂದು ನಿಘಂಟು ಬಹುಮಾನ. ಏಳನೆಯ ಸುಳಿವು ಹೀಗಿತ್ತು: “ಮನೆಯ ಮುಂದಿನ ಬಯಲು, ಮೂರು ಅಕ್ಷರ.” ನಾನು ಬರೆದಿಟ್ಟುಕೊಂಡಿದ್ದ ಉತ್ತರ ‘ಅಂಗಳ’. ಗೆಳೆಯನೊಬ್ಬ ‘ಅಂಗಣ’ ಎಂದು ಬರೆದ. ಅವನ ಉಳಿದ ಒಂಬತ್ತೂ ಸರಿಯಾಗಿದ್ದವು. ನಾನು ಏಳನೆಯದಕ್ಕೆ ತಪ್ಪು ಗುರುತು ಹಾಕಿದೆ.

“ಅಂಗಣವೂ ಸರಿಯೇ ಅಲ್ಲವೇನೋ?” ಎಂದ ಅವನು.

“ನಾನು ಬರೆದಿಟ್ಟದ್ದೇ ಉತ್ತರ” ಎಂದೆ ನಾನು.

ಅವನು ಜಗಳವಾಡಲಿಲ್ಲ. ನಕ್ಕು ಸುಮ್ಮನಾದ. ಆಮೇಲೆ ಆಟಕ್ಕೆ ಬರುವುದನ್ನು ಮಾತ್ರ ಬಿಟ್ಟ. ಅವನು ಬಿಟ್ಟುದೇಕೆಂದು ನನಗೆ ಅರ್ಥವಾದದ್ದು ಈ ಹಳೆಯ ಪಂದ್ಯದ ಸಂಗತಿಯನ್ನು ಓದಿದ ಮೇಲೆಯೇ.

ಇನ್ನು ವಿಷಯಕ್ಕೆ ಬರೋಣ. ಅಮೆರಿಕದ ಅಟಾರಿ ಎಂಬ ಕಂಪನಿ 1977ರಲ್ಲಿ ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರವೊಂದನ್ನು ಮಾರುಕಟ್ಟೆಗೆ ತಂದಿತು. ಒಂದೊಂದು ಆಟವೂ ಒಂದೊಂದು ಕಾರ್ಟ್ರಿಜ್‌ನಲ್ಲಿ ಅಡಗಿರುತ್ತಿತ್ತು. ಬೇಕಾದುದನ್ನು ಯಂತ್ರಕ್ಕೆ ಸಿಕ್ಕಿಸಿ ಆಡಬಹುದಾಗಿತ್ತು. ಆಟವನ್ನು ರಚಿಸಿದವರ ಹೆಸರನ್ನು ಅದರ ಮೇಲೆ ಹಾಕುವ ಪದ್ಧತಿ ಆ ಕಂಪನಿಯಲ್ಲಿ ಆಗ ಇರಲಿಲ್ಲ. ಇದರಿಂದ ಮನನೊಂದ ವಾರೆನ್ ರಾಬಿನೆಟ್ ಎಂಬ ರಚನಕಾರರು ‘ಅಡ್ವೆಂಚರ್’ ಎಂಬ ತಮ್ಮ ಆಟದೊಳಗೆ ಯಾರಿಗೂ ಹೇಳದೆ ಒಂದು ಗುಪ್ತ ಕೋಣೆಯನ್ನು ಕಟ್ಟಿದರು. ಕಣ್ಣಿಗೆ ಬೀಳುವುದೇ ಕಷ್ಟವೆನ್ನುವಷ್ಟು ಸಣ್ಣದಾದ ಬೂದುಬಣ್ಣದ ಚುಕ್ಕೆಯೊಂದನ್ನು ಹುಡುಕಿ ಹೊತ್ತು ತಂದರೆ ಆ ಕೋಣೆಯ ದಾರಿ ತೆರೆಯುತ್ತಿತ್ತು. ಒಳಗೆ ಇದ್ದದ್ದು ನಿಧಿಯಲ್ಲ. ಇದನ್ನು ರಚಿಸಿದವನು ತಾನೆಂದು ಸಾರುವ ಅವರ ಹೆಸರು! ಅವರು ಕೆಲಸ ಬಿಟ್ಟುಹೋದ ಮೇಲೆ ಒಬ್ಬ ಹುಡುಗ ಇದನ್ನು ಕಂಡುಹಿಡಿದು ಕಂಪನಿಗೆ ಕಾಗದ ಬರೆದ. ಕಂಪನಿಯವರು ಮೊದಲು ಬೆರಗಾದರೂ, ಆಡುವವರಿಗೆ ಅಡಗಿಸಿಟ್ಟ ಮಾತನ್ನು ಹುಡುಕುವುದರಲ್ಲಿ ಎಷ್ಟು ಹಿಗ್ಗಿದೆಯೆಂಬುದನ್ನು ಕಂಡುಕೊಂಡರು. ಈಸ್ಟರ್ ಹಬ್ಬದಲ್ಲಿ ಮಕ್ಕಳು ಹುಡುಕಲೆಂದು ಮೊಟ್ಟೆಗಳನ್ನು ಬಚ್ಚಿಡುವ ಪದ್ಧತಿಯಿಂದ ಇಂಥ ಗುಟ್ಟುಗಳಿಗೆ ‘ಈಸ್ಟರ್ ಮೊಟ್ಟೆ’ ಎಂಬ ಹೆಸರೂ ಬಿದ್ದಿತು.

ಈ ಹಿಗ್ಗನ್ನೇ ಬಂಡವಾಳ ಮಾಡಿಕೊಂಡು ಕಂಪನಿ 1982ರಲ್ಲಿ ‘ಸ್ವೋರ್ಡ್‌ಕ್ವೆಸ್ಟ್’, ಎಂದರೆ ಖಡ್ಗದ ಅನ್ವೇಷಣೆ, ಎಂಬ ಪಂದ್ಯವನ್ನು ಘೋಷಿಸಿತು. ಭೂಮಿ, ಅಗ್ನಿ, ಜಲ, ವಾಯು ಎಂಬ ನಾಲ್ಕು ಲೋಕಗಳ ಹೆಸರಿನಲ್ಲಿ ನಾಲ್ಕು ಆಟಗಳು. ಪ್ರತಿಯೊಂದರ ಗೆಲುವಿಗೂ ಒಂದೊಂದು ಬಹುಮಾನ: ರತ್ನ ಕೆತ್ತಿದ ಚಿನ್ನದ ತಾಯಿತ, ಪಾನಪಾತ್ರೆ, ಕಿರೀಟ, ಸ್ಪರ್ಶಮಣಿ. ಒಂದೊಂದರ ಬೆಲೆ 25,000 ಡಾಲರ್. ಕೊನೆಯಲ್ಲಿ ನಾಲ್ವರು ವಿಜೇತರೂ ತಮ್ಮೊಳಗೆ ಸೆಣಸಬೇಕು. ಗೆದ್ದವನಿಗೆ 50,000 ಡಾಲರ್ ಬೆಲೆಯ ಖಡ್ಗ. ಒಟ್ಟು 1,50,000 ಡಾಲರ್‌ಗಳ ಬಹುಮಾನ!

ಕೈಚಳಕವೊಂದರಿಂದಲೇ ಇದನ್ನು ಗೆಲ್ಲುವಂತಿರಲಿಲ್ಲ. ಆಟದ ಪೆಟ್ಟಿಗೆಯೊಳಗೆ ಕಾರ್ಟ್ರಿಜ್ ಜೊತೆಗೆ ಒಂದು ಕಾಮಿಕ್ಸ್ ಪುಸ್ತಕವೂ ಇರುತ್ತಿತ್ತು. ಅದರ ಕಥೆ ಬರೆದವರು ರಾಯ್ ಥಾಮಸ್ ಮತ್ತು ಗೆರಿ ಕಾನ್ವೇ. ಚಿತ್ರ ಬರೆದವರು ಜಾರ್ಜ್ ಪೆರೆಜ್. ಟಾರ್, ಟಾರಾ ಎಂಬ ಅವಳಿ ಅಣ್ಣತಂಗಿಯರು ಒಬ್ಬ ಕ್ರೂರ ರಾಜನಿಂದ ತಂದೆತಾಯಿಗಳನ್ನು ಕಳೆದುಕೊಂಡು ಖಡ್ಗವನ್ನರಸಿ ಹೊರಡುವುದು ಅದರ ಕಥೆ. ಮೊದಲನೆಯದಾದ ಭೂಲೋಕದ ಆಟದಲ್ಲಿ ಹನ್ನೆರಡು ರಾಶಿಗಳ ಹೆಸರಿನ ಹನ್ನೆರಡು ಕೋಣೆಗಳಿದ್ದವು. ಯಾವ ಕೋಣೆಯಲ್ಲಿ ಯಾವ ಯಾವ ವಸ್ತುಗಳನ್ನು ಇಡಬೇಕೆಂಬುದನ್ನು ಆಡುವವನು ಊಹಿಸಬೇಕು. ಊಹೆ ಸರಿಯಾದರೆ ತೆರೆಯ ಮೇಲೆ ಎರಡು ಅಂಕಿಗಳು ಮೂಡುತ್ತಿದ್ದವು: ಒಂದು ಕಾಮಿಕ್ಸ್ ಪುಸ್ತಕದ ಪುಟಸಂಖ್ಯೆ, ಇನ್ನೊಂದು ಆ ಪುಟದ ಚಿತ್ರದ ಸಂಖ್ಯೆ. ಆ ಚಿತ್ರವನ್ನು ಕಣ್ಣಿಟ್ಟು ನೋಡಿದರೆ ಗೆರೆಗಳ ನಡುವೆ ಒಂದು ಪದ ಅಡಗಿರುವುದು ಗೋಚರವಾಗುತ್ತಿತ್ತು. ಹೀಗೆ ಪದಗಳನ್ನು ಕೂಡಿಸಿ ವಾಕ್ಯವಾಗಿಸಿ ಅಂಚೆಯಲ್ಲಿ ಕಳುಹಿಸಬೇಕು.

ಇಷ್ಟೇ ಆಗಿದ್ದರೆ ಸಾವಿರಾರು ಜನ ಗೆದ್ದುಬಿಡುತ್ತಿದ್ದರು. ಒಗಟು ಕಟ್ಟಿದವರ ಜಾಣ್ಮೆ ಇರುವುದು ಮುಂದಿನ ಮಾತಿನಲ್ಲಿ. ಸಿಗುತ್ತಿದ್ದ ಪದಗಳು ಹತ್ತು, ಬೇಕಾದವು ಐದೇ. ಉಳಿದ ಐದು ದಾರಿ ತಪ್ಪಿಸಲೆಂದೇ ಇಟ್ಟವು. ಯಾವುದು ನಿಜ, ಯಾವುದು ಸುಳ್ಳು? ಅದರ ಕೀಲಿಯೂ ಪುಸ್ತಕದಲ್ಲಿಯೇ ಇತ್ತು. ಮೊದಲಲ್ಲಿ ಅಚ್ಚಾದ ಪದ್ಯದೊಳಗೆ ‘ಪ್ರೈಮ್’ ಮತ್ತು ‘ನಂಬರ್’ ಎಂಬ ಎರಡು ಮಾತುಗಳು ಮಾತ್ರ ನೇರಳೆ ಬಣ್ಣದಲ್ಲಿದ್ದವು. ಎಂದರೆ ಅವಿಭಾಜ್ಯ ಸಂಖ್ಯೆ. ಒಂದರಿಂದಲೂ ತನ್ನಿಂದಲೂ ಹೊರತು ಬೇರೆ ಯಾವುದರಿಂದಲೂ ಭಾಗವಾಗದ 11, 13, 17ರಂಥ ಪುಟಗಳಲ್ಲಿ ಸಿಕ್ಕ ಪದವಾದರೆ ನಿಜ. 12, 15ರಂಥ ಪುಟಗಳದ್ದಾದರೆ ಸುಳ್ಳು. ಹೀಗೆ ಸೋಸಿ ಉಳಿದ ಐದು ಪದಗಳು ಸೇರಿ, ಗೋಪುರದಲ್ಲಿ ತಾಯಿತ ದೊರೆಯಿತೆಂಬ ಅರ್ಥವನ್ನು ಕೊಡುತ್ತಿದ್ದವು. ಇದನ್ನು ಸರಿಯಾಗಿ ಬಿಡಿಸಿದವರು ದೇಶದಲ್ಲೆಲ್ಲ 8 ಮಂದಿ ಮಾತ್ರ!

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಈ ಒಗಟು ಕಠಿಣವಾಗಿತ್ತೇ ಹೊರತು ಅನ್ಯಾಯದ್ದಾಗಿರಲಿಲ್ಲ. ಬೇಕಾದುದೆಲ್ಲವೂ ಆಡುವವನ ಕೈಯಲ್ಲಿಯೇ ಇತ್ತು. ಉತ್ತರ ಸಿಕ್ಕಿದಾಗ ‘ಇದು ಸರಿಯೋ ತಪ್ಪೋ’ ಎಂದು ಒಗಟು ಕಟ್ಟಿದವನನ್ನು ಕೇಳಬೇಕಾಗಿರಲಿಲ್ಲ. ಕೀಲಿಯೇ ಸಾಕ್ಷಿ ನುಡಿಯುತ್ತಿತ್ತು.

ಆ 8 ಮಂದಿಯಲ್ಲಿ ಗೆದ್ದವರು ಯಾರೆಂಬುದನ್ನು 1983ರಲ್ಲಿ ಕ್ಯಾಲಿಫೋರ್ನಿಯದ ಸನ್ನಿವೇಲ್‌ನಲ್ಲಿದ್ದ ಕಂಪನಿಯ ಕಚೇರಿಯಲ್ಲಿ, ವಿಶೇಷವಾಗಿ ಸಿದ್ಧಪಡಿಸಿದ ಆಟದಿಂದ ನಿರ್ಧರಿಸಿದರು. ಎದುರಿಗೆ ಕೂರಿಸಿ ಆಡಿಸುವುದಕ್ಕೂ ಅರ್ಥವಿದೆ. ಪದವನ್ನು ಒಬ್ಬರಿಂದ ಕೇಳಿ ಇನ್ನೊಬ್ಬರು ಬರೆದು ಕಳುಹಿಸಬಹುದು. ಹೊಸ ಆಟವನ್ನು ಮಾತ್ರ ತಾನೇ ಆಡಬೇಕು. ಇಂದು ಒಬ್ಬನಿಗೆ ಹೊಳೆದ ಉತ್ತರ ಒಂದು ನಿಮಿಷದಲ್ಲಿ ನೂರು ಫೋನುಗಳನ್ನು ತಲಪುವುದರಿಂದ ಈ ಎಚ್ಚರ ಆಗಿಗಿಂತ ಈಗಲೇ ಹೆಚ್ಚು ಅವಶ್ಯಕ.

ಅಗ್ನಿಲೋಕದ ಸ್ಪರ್ಧೆಯಲ್ಲಿ ಬೇರೊಂದು ತೊಡಕು ಕಾಣಿಸಿತು. ಸರಿಯುತ್ತರ ಬರೆದವರು 73 ಮಂದಿ. ಅಂತಿಮ ಸುತ್ತಿಗೆ ಕರೆಸಬಹುದಾಗಿದ್ದವರು 50. ಆಗ ಆಟದಲ್ಲಿ ತಮಗೆ ಮೆಚ್ಚಿಕೆಯಾದುದೇನೆಂದು ಅವರಿಂದ ಬರೆಯಿಸಿ, ಅದರ ಮೇಲಿಂದ 50 ಮಂದಿಯನ್ನು ಆರಿಸಿದರು. ಒಗಟು ಬಿಡಿಸಿ ಗೆದ್ದವರಲ್ಲಿ 23 ಮಂದಿ ಪ್ರಬಂಧದಲ್ಲಿ ಸೋತರೆಂದು ಹೇಳಬೇಕು! 1984ರ ಜನವರಿಯಲ್ಲಿ ನಡೆದ ಅಂತಿಮ ಸುತ್ತಿನಲ್ಲಿ ಪಾನಪಾತ್ರೆ ಒಬ್ಬರ ಕೈಸೇರಿತು.

ಮೂರನೆಯದಾದ ಜಲಲೋಕವು ನಮಗೆ ಕುತೂಹಲಕರವಾದುದು. ಏಕೆಂದರೆ ಅದರ ಏಳು ಕೋಣೆಗಳನ್ನು ನಮ್ಮ ಯೋಗಶಾಸ್ತ್ರದ ಏಳು ಚಕ್ರಗಳನ್ನು ಅನುಸರಿಸಿ ರಚಿಸಿದ್ದರು. ಆದರೆ ಆ ವೇಳೆಗೆ ಗಾಳಿ ತಿರುಗಿತ್ತು. 1983ರಲ್ಲಿ ಅಮೆರಿಕದ ವಿಡಿಯೋ ಆಟಗಳ ವ್ಯಾಪಾರವೇ ಕುಸಿದುಬಿದ್ದಿತು. ಅಟಾರಿಯ ಒಡೆತನ ಹೊಂದಿದ್ದ ವಾರ್ನರ್ ಸಂಸ್ಥೆಗೆ ಅದರಿಂದಾದ ನಷ್ಟ 50 ಕೋಟಿ ಡಾಲರ್‌ಗೂ ಮಿಕ್ಕಿತು. 1984ರ ಜುಲೈನಲ್ಲಿ ಕಂಪನಿಯ ಮನೆಬಳಕೆಯ ವಿಭಾಗವನ್ನು ಮಾರಿಬಿಟ್ಟರು. ವಾಯುಲೋಕದ ಆಟ ಹೊರಬರಲೇ ಇಲ್ಲ. ನಾಲ್ವರು ವಿಜೇತರು ಖಡ್ಗಕ್ಕಾಗಿ ಸೆಣಸುವ ದಿನವೂ ಬರಲಿಲ್ಲ. 2022ರಲ್ಲಿ ಅಟಾರಿಯ ಐವತ್ತು ವರ್ಷಗಳ ನೆನಪಿಗಾಗಿ ಹೊರತಂದ ಆಟಗಳ ಸಂಕಲನದಲ್ಲಿ ಬೇರೆ ರಚನಕಾರರು ಹೊಸದಾಗಿ ಒಂದು ವಾಯುಲೋಕವನ್ನು ರಚಿಸಿ ಸೇರಿಸಿದರು. ಅಷ್ಟು ಹೊತ್ತಿಗೆ ಮೊದಲು ಆಡಿದ ಹುಡುಗರು ಅಜ್ಜಂದಿರಾಗುವ ವಯಸ್ಸಿಗೆ ಬಂದಿದ್ದರು.

ನಷ್ಟವಾದಾಗ ಕಂಪನಿ ಏನು ಮಾಡಲಾದೀತೆಂದು ಕೆಲವರು ಕೇಳಬಹುದು. ಆ ಮಾತೂ ನ್ಯಾಯವೇ. ಆದರೆ ಚಿತ್ರಗಳ ಮೇಲೆ ಕಣ್ಣಿಟ್ಟು ರಾತ್ರಿ ಕಳೆದ ಹುಡುಗನ ಪಾಡನ್ನೂ ಯೋಚಿಸಬೇಕು. ಅವನು ಪಣವಾಗಿಟ್ಟದ್ದು ಹಣವನ್ನಷ್ಟೇ ಅಲ್ಲ. ಹುಡುಕಿದರೆ ಸಿಕ್ಕೇ ಸಿಗುತ್ತದೆಂಬ ನಂಬಿಕೆಯನ್ನು.

ಅಜ್ಜಿ ಒಗಟು ಹೇಳುವಾಗ ಈ ತೊಂದರೆ ಇಲ್ಲ. ಅವಳು ಎದುರಿಗೇ ಕುಳಿತಿರುತ್ತಾಳೆ. ನಾವು ಬೇರೊಂದು ಉತ್ತರ ಹೇಳಿ ಅದೂ ಹೊಂದುವಂತಿದ್ದರೆ, “ಹೌದಲ್ಲೋ, ಅದೂ ಸರಿಯೇ” ಎಂದು ತಲೆದೂಗುತ್ತಾಳೆ. ಅಚ್ಚಿನ ಪಂದ್ಯದಲ್ಲಿ, ಇಂದಿನ ಅಂತರಜಾಲದ ಪಂದ್ಯದಲ್ಲಿ, ಒಗಟು ಕಟ್ಟಿದವನು ಕಣ್ಣಿಗೆ ಕಾಣನು. ಆದುದರಿಂದ ಅವನ ಮೇಲೆ ಮೂರು ಋಣಗಳು ಬೀಳುತ್ತವೆಂದು ನನಗೆ ತೋರುತ್ತದೆ. ಒಂದನೆಯದು, ಸುಳಿವಿಗೆ ಒಂದೇ ಉತ್ತರವಿರಬೇಕು. ಎರಡನೆಯದು, ಸರಿ ತಪ್ಪುಗಳ ಕೀಲಿ ಆಡುವವನ ಕೈಗೂ ಸಿಗುವಂತಿರಬೇಕು. ಮೂರನೆಯದು, ಕೊಟ್ಟ ಮಾತು ನಡೆಯಬೇಕು. ಅಟಾರಿಯವರು ಮೊದಲೆರಡನ್ನು ಚೆನ್ನಾಗಿ ತೀರಿಸಿ ಮೂರನೆಯದರಲ್ಲಿ ಸೋತರು. ನಾನು ನಿಘಂಟನ್ನು ಹೇಳಿದ ದಿನವೇ ಕೊಟ್ಟೆ. ಆದರೆ ಮೊದಲೆರಡರಲ್ಲಿಯೇ ಸೋತಿದ್ದೆ.

ಕನ್ನಡದಲ್ಲಿ ಮೊದಲನೆಯ ಋಣವನ್ನು ತೀರಿಸುವುದು ಸುಲಭವಲ್ಲ. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಲಿಪಿ, ಒಟ್ಟು 26. ನಮ್ಮಲ್ಲಿ ಒಂದು ಮನೆಗೆ ಒಂದು ಅಕ್ಷರ, ಅದರ ಗುಣಿತ, ಒತ್ತು, ಸೊನ್ನೆ ಎಲ್ಲವೂ ಸೇರಿ. ‘ಸ್ವಾತಂತ್ರ್ಯ’ ಎಂಬಷ್ಟು ದೊಡ್ಡ ಮಾತು ಸ್ವಾ, ತಂ, ತ್ರ್ಯ ಎಂದು ಮೂರೇ ಮನೆಗಳಲ್ಲಿ ಕೂರುತ್ತದೆ. ಸಾಲದುದಕ್ಕೆ ತತ್ಸಮ ತದ್ಭವಗಳು, ಒಂದೇ ಮಾತಿನ ಎರಡು ರೂಪಗಳು ಬೇರೆ: ಮಂಟಪ, ಮಂಡಪ, ಬೇಸಗೆ, ಬೇಸಿಗೆ, ಅಂಗಣ, ಅಂಗಳ. ಅರ್ಥವೂ ಒಂದೇ, ಅಕ್ಷರಗಳ ಎಣಿಕೆಯೂ ಒಂದೇ. ಪತ್ರಿಕೆಗಳ ಪದಬಂಧದಲ್ಲಿ ಅಡ್ಡಸಾಲು ನೀಟಸಾಲುಗಳು ಒಂದನ್ನೊಂದು ಕತ್ತರಿಸುವುದು ಅಂದಕ್ಕಾಗಿ ಮಾತ್ರವಲ್ಲ. ಅಡ್ಡಸಾಲಿನಲ್ಲಿ ‘ಳ’ವೋ ‘ಣ’ವೋ ಎಂಬ ಸಂದೇಹವನ್ನು ನೀಟಸಾಲಿನ ಪದ ಪರಿಹರಿಸುತ್ತದೆ. ಅಟಾರಿಯ ಪಂದ್ಯದಲ್ಲಿ ನೇರಳೆ ಬಣ್ಣ ಮಾಡಿದ ಕೆಲಸವನ್ನು ಇಲ್ಲಿ ಕತ್ತರಿಸುವ ಮನೆಗಳು ಮಾಡುತ್ತವೆ. ನನ್ನ ಪಂದ್ಯದಲ್ಲಿದ್ದುದು ಬರಿಯ ಹತ್ತು ಸುಳಿವುಗಳ ಪಟ್ಟಿ. ಅದರಲ್ಲಿ ಸಾಕ್ಷಿ ಹೇಳುವ ಮನೆಯೇ ಇರಲಿಲ್ಲ.

ಇದನ್ನೆಲ್ಲ ಓದಿ ತಿಳಿದ ಮೇಲೆ ನಮ್ಮ ಕನ್ನಡ ಅಧ್ಯಾಪಕರನ್ನು ಕಂಡು ಏಳನೆಯ ಸುಳಿವನ್ನು ಮುಂದಿಟ್ಟೆ. ಅವರು, “ಅಂಗಣದಿಂದಲೇ ಅಂಗಳ ಬಂದದ್ದಯ್ಯ. ಮಗನನ್ನು ಒಪ್ಪಿ ತಂದೆಯನ್ನು ಹೊರಗೆ ನಿಲ್ಲಿಸಿದೆಯಲ್ಲ!” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅದೇ ಸಂಜೆ ಗೆಳೆಯನ ಕೋಣೆಗೆ ಹೋಗಿ ತಪ್ಪನ್ನು ಒಪ್ಪಿಕೊಂಡೆ. ಇನ್ನೊಂದು ನಿಘಂಟನ್ನು ಕೊಂಡು ಕೈಯಲ್ಲಿಟ್ಟುಕೊಂಡೇ ಹೋಗಿದ್ದೆ. ಅವನು ಅದನ್ನು ಸ್ವೀಕರಿಸಿದ, ಬೇಡವೆನ್ನಲಿಲ್ಲ. ಅದೇ ನನಗೆ ಸಮಾಧಾನ. ಈ ವರ್ಷದ ಪಂದ್ಯದ ಪದಬಂಧವನ್ನು ನಾನು ರಚಿಸಿದ್ದೇನೆ. ಪ್ರಕಟವಾಗುವ ಮೊದಲು ಅದನ್ನು ಬಿಡಿಸಿ ನೋಡಿ, ಎಲ್ಲಿ ಎರಡು ಉತ್ತರಗಳು ಹೊಂದುತ್ತವೆಂದು ಗುರುತಿಸುವ ಕೆಲಸ ಅವನದು. ಮೊದಲ ಕರಡಿನಲ್ಲಿಯೇ ಅಂಥ ನಾಲ್ಕು ಕಡೆಗಳನ್ನು ಕಂಡುಹಿಡಿದು ಹಿಂದಿರುಗಿಸಿದ್ದಾನೆ. ಅವುಗಳನ್ನು ತಿದ್ದುತ್ತ ಕುಳಿತಿದ್ದೇನೆ. ಸಹಪಾಠಿಗಳೆಲ್ಲರೂ ಭಾಗವಹಿಸಬೇಕೆಂದೂ, ನನ್ನ ಉತ್ತರ ತಪ್ಪೆಂದು ತೋರಿದರೆ ಸಂಕೋಚವಿಲ್ಲದೆ ಕೇಳಬೇಕೆಂದೂ ವಿನಂತಿ.