ಗುಜರಿ ವ್ಯಾಪಾರಿಯೂ ನೋಂದಣಿಯ ವಿಧಿಯೂ

‘ಗುಜರಿ’ ಎಂಬುದು ಪಾರಸೀ ಮೂಲದಿಂದ ಹಿಂದೂಸ್ಥಾನಿಯ ಮೂಲಕ ಕನ್ನಡಕ್ಕೆ ಬಂದ ಶಬ್ದ. ಮೊದಲು ದಾರಿಬದಿಯ ಸಂಜೆಸಂತೆಗೆ ಸಲ್ಲುತ್ತಿದ್ದ ಈ ಹೆಸರು ಈಗ ಹಳೆಯ ಕಬ್ಬಿಣ, ಕಾಗದ, ಸೀಸೆ, ಪ್ಲಾಸ್ಟಿಕ್ಕುಗಳ ಕೊಳುಕೊಡೆಗೆ ರೂಢವಾಗಿದೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಮನೆಯಿಂದ ಹೊರಬಿದ್ದ ವಸ್ತುವು ಮರಳಿ ಕಾರ್ಖಾನೆಯನ್ನು ಸೇರುವ ದಾರಿಯಲ್ಲಿ ಗುಜರಿಯವನೇ ಮಧ್ಯಸ್ಥನು. ಶಾಸನವು ಇವನನ್ನು ಹೇಗೆ ಕಾಣುವುದೆಂಬುದು ವಿಚಾರಾರ್ಹವಾಗಿದೆ.

ಮೀಮಾಂಸಕರು ವಿಧಿಯನ್ನು ಉತ್ಪತ್ತಿ, ವಿನಿಯೋಗ, ಪ್ರಯೋಗ, ಅಧಿಕಾರ ಎಂದು ನಾಲ್ಕು ಬಗೆಯಾಗಿ ವಿಭಾಗಿಸುವರು. ಕರ್ಮದ ಫಲಕ್ಕೆ ಒಡೆಯನು ಯಾರೆಂದು ತಿಳಿಸುವುದು ಅಧಿಕಾರವಿಧಿ. ಹೆಸರನ್ನು ಹೇಳಿ ಲಕ್ಷಣವನ್ನು ಕೊಟ್ಟಮಾತ್ರಕ್ಕೆ ಒಬ್ಬನು ಅಧಿಕಾರಿಯಾಗುವುದಿಲ್ಲ. ತ್ಯಾಜ್ಯದ ನಿಯಮಗಳಲ್ಲಿ ಗುಜರಿ ವ್ಯಾಪಾರಿಯ ಸ್ಥಿತಿ ಇಂಥದೇ ಆಗಿದೆ.

2016ರ ಏಪ್ರಿಲ್ 8ರಂದು ಪ್ರಕಟವಾದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ‘ಅನೌಪಚಾರಿಕ ತ್ಯಾಜ್ಯಸಂಗ್ರಾಹಕ’ ಎಂಬ ಪದದ ಲಕ್ಷಣದೊಳಗೆ ತ್ಯಾಜ್ಯದ ವ್ಯಾಪಾರಿಯನ್ನೂ ಎಣಿಸಿದವು. ಇಂಥವರ ಸಂಘಗಳನ್ನು ಗುರುತಿಸುವ ಭಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಹೊರಿಸಿದವು. ವ್ಯಾಪಾರಿಯು ತಾನಾಗಿ ಮಾಡಿಸಬೇಕಾದ ನೋಂದಣಿಯನ್ನು ವಿಧಿಸಲಿಲ್ಲ. ವಿದ್ಯುನ್ಮಾನ ತ್ಯಾಜ್ಯದ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಇವುಗಳಲ್ಲಿ ನೋಂದಣಿಯು ತಯಾರಕ, ಉತ್ಪಾದಕ, ನವೀಕರಣಕಾರ, ಮರುಬಳಕೆಗಾರ ಎಂಬ ನಾಲ್ವರಿಗೆ ವಿಹಿತವಾಗಿದೆ. ಇಲ್ಲಿಯೂ ವಸ್ತುವನ್ನು ಮಾಡುವವನು ಮೊದಲಲ್ಲಿ, ಮರುರೂಪ ಕೊಡುವವನು ಕೊನೆಯಲ್ಲಿ, ನಡುವಿನವನು ಕಾಣಿಸನು.

ಆದರೆ ನಡುವಿನವನನ್ನು ಹೆಸರಿಸುವುದು ಶಾಸನಕ್ಕೆ ಅಸಾಧ್ಯವೇನೂ ಅಲ್ಲ. 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳಂತೆ, ನಿಜವಾದ ಬಳಕೆದಾರರ ಪರವಾಗಿ ಹೊರದೇಶದಿಂದ ಕೆಲವು ಬಗೆಯ ತ್ಯಾಜ್ಯವನ್ನು ತರಿಸುವ ವ್ಯಾಪಾರಿಯು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಒಮ್ಮೆ ಅಧಿಕಾರಪತ್ರವನ್ನು ಪಡೆಯತಕ್ಕದ್ದು. ಹಡಗಿನಲ್ಲಿ ಬರುವ ತ್ಯಾಜ್ಯಕ್ಕೆ ಮಧ್ಯಸ್ಥನು ಯಾರೆಂದು ಕೇಳುವ ಶಾಸನವು ಕಾಪುವಿನ ಬೀದಿಯ ಹಳೆಯ ಸಾಮಾನಿಗೆ ಆ ಪ್ರಶ್ನೆಯನ್ನು ಕೇಳುವುದಿಲ್ಲ.

ಇಲ್ಲಿ ಒಂದು ಶಂಕೆ ಹುಟ್ಟಬಹುದು: ಅಂಗಡಿಗೆ ನಗರಸಭೆಯ ಉದ್ದಿಮೆ ಪರವಾನಗಿ ಇದೆ, ವ್ಯವಹಾರ ಮಿತಿಮೀರಿದರೆ ಸರಕು ಮತ್ತು ಸೇವಾ ತೆರಿಗೆಯ ನೋಂದಣಿಯೂ ಇದೆ, ಮತ್ತೊಂದು ಏತಕ್ಕೆ? ಸಮಾಧಾನವಿಷ್ಟು: ಪರವಾನಗಿಯು ಸ್ಥಳವನ್ನು ನೋಡುವುದು, ತೆರಿಗೆಯು ಬೆಲೆಯನ್ನು ನೋಡುವುದು. ವಸ್ತುವು ಯಾರಿಂದ ಬಂದಿತು, ಯಾರ ಕೈಗೆ ಹೋಯಿತು, ನಡುವೆ ತಂತಿಯನ್ನು ಸುಟ್ಟು ತಾಮ್ರವನ್ನು ತೆಗೆದರೋ ಎಂಬುದನ್ನು ಎರಡೂ ಕೇಳವು.

ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕವು ಗ್ರಾಮಪಂಚಾಯತುಗಳ ಒಣಕಸವನ್ನು ವಿಂಗಡಿಸುವುದು. ಆದರೆ ಬೆಲೆಯುಳ್ಳ ಕಬ್ಬಿಣ, ತಾಮ್ರಗಳು ಬಹುಮಟ್ಟಿಗೆ ಮನೆಬಾಗಿಲಲ್ಲಿಯೇ ಗುಜರಿಯವನಿಗೆ ಮಾರಾಟವಾಗುವುವು. ಪಂಚಾಯತದ ಲೆಕ್ಕದಲ್ಲಿ ಅವು ಸೇರುವುದಿಲ್ಲ.

ಮರುಬಳಕೆಗಾರನು ಕೊಡುವ ಪ್ರಮಾಣಪತ್ರದಿಂದಲೇ ಉತ್ಪಾದಕನ ಹೊಣೆ ತೀರುವುದೆಂದು ಇಂದಿನ ವ್ಯವಸ್ಥೆ ಹೇಳುತ್ತದೆ. ನಡುವಿನ ಕೊಂಡಿಗೆ ಲೆಕ್ಕವಿಲ್ಲದಿರುವಾಗ ಆ ಪ್ರಮಾಣಕ್ಕೆ ಆಧಾರವೇನು? ಲೆಕ್ಕವಿಲ್ಲದ ವ್ಯಾಪಾರಿಯನ್ನು ತಪ್ಪಾದಾಗ ಪ್ರಶ್ನಿಸಲಾಗದು. ಅವನ ಕೈಕೆಳಗೆ ದುಡಿಯುವವರಿಗೆ ರಕ್ಷಣೆಯನ್ನು ಕೊಡಿಸಲೂ ಆಗದು. ಆದುದರಿಂದ ಹೆಚ್ಚಿನ ಶುಲ್ಕವಿಲ್ಲದ, ಕೊಂಡದ್ದು ಮಾರಿದ್ದು ಇಷ್ಟನ್ನೇ ಕೇಳುವ ಒಂದು ಸರಳ ನೋಂದಣಿ ಅವಶ್ಯಕವಾಗಿದೆ. ಲಕ್ಷಣವಾಕ್ಯದಲ್ಲಿ ನಿಂತಿರುವ ಗುಜರಿಯವನನ್ನು ವಿಧಿವಾಕ್ಯವು ಕರೆದಾಗಲೇ ಅವನು ಅಧಿಕಾರಿಯಾಗುವನು.