ಗಲ್ಲಾ ಕೀಲಿ ಅಪ್ಪನ ಹತ್ರ, ಗುಳಿಗೆ ಅವ್ವನಿಗೆ!

"ನಿನ್ನ ಮಗನಿಗೆ ಹೇಳು, ಸಿರುಗುಪ್ಪದಿಂದ ಅಕ್ಕಿ ಲೋಡು ಇನ್ನೂ ಬಂದಿಲ್ಲ."

"ಅಪ್ಪಗೇ ಹೇಳವ್ವ, ಗಲ್ಲಾ ಕೀಲಿ ಅವರ ಹತ್ರಾನೇ ಐತಲ್ಲ!"

ಅಪ್ಪ, ಮಗನ ನಡುವೆ ನಾಲ್ಕು ಮೊಳ ಜಾಗ. ಆದರೂ ಮಾತೆಲ್ಲ ಅವ್ವನ ಟಪಾಲಿನಲ್ಲೇ. ಇದು ಉದಾಹರಣೆಗೆ ನಾವೇ ಕಟ್ಟಿದ ಮನೆ. ಬಳ್ಳಾರಿಯಲ್ಲೋ ಕುರುಗೋಡಿನಲ್ಲೋ ನಿಮಗೆ ಪಕ್ಕದ ಮನೆ ನೆನಪಾದರೆ ತಪ್ಪು ನಮ್ಮದಲ್ಲ!

ಹತ್ತು ವರ್ಷ ಟಪಾಲು ಹಂಚಿ ಅವ್ವನ ನಿದ್ದೆ ಹೋಯಿತು. ಗುಳಿಗೆ ನುಂಗಿದರೆ ನಾಲ್ಕು ದಿನ ಗುಣ, ಮತ್ತೆ ಅದೇ ಪಾಡು. ಹಾಗಾದರೆ ಚಿಕಿತ್ಸೆ ಬೇಕಾದದ್ದು ಅವ್ವನೊಬ್ಬಳಿಗೋ, ಮನೆಮಂದಿಗೆಲ್ಲವೋ?

ಕುಟುಂಬ ಚಿಕಿತ್ಸೆಯಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸುತ್ತಾರೆ. ತಪ್ಪು ಯಾರದು ಎಂಬ ಪಂಚಾಯ್ತಿ ಅಲ್ಲಿಲ್ಲ. ಮೊದಲು ಯಾರು ಏನಂದ್ರು, ಆಮೇಲೆ ಯಾರು ಏನು ಮಾಡಿದ್ರು, ಇಷ್ಟೇ ಕೇಳುವುದು. ಮಗ ಮಾತಾಡಲ್ಲ, ಅದಕ್ಕೇ ಕೀಲಿ ಕೊಡಲ್ಲ ಅಂತಾನೆ ಅಪ್ಪ. ಕೀಲಿ ಕೊಡಲ್ಲ, ಅದಕ್ಕೇ ಮಾತಾಡಲ್ಲ ಅಂತಾನೆ ಮಗ. ಗಾಣದೆತ್ತಿನ ಸುತ್ತು!

ಆಗ ಒಂದು ಸಣ್ಣ ಕೆಲಸ ಒಪ್ಪಿಸುತ್ತಾರೆ: ಒಂದು ವಾರ ಅವ್ವ ಯಾರ ಮಾತನ್ನೂ ಸಾಗಿಸಕೂಡದು. ವಾರಕ್ಕೊಂದು ದಿನ ಲೆಕ್ಕ ಮಗನದು, ಅಪ್ಪ ಬಾಯಿ ಹಾಕಕೂಡದು. ಮೊದಮೊದಲು ಮನೆ ಇನ್ನೂ ಬಿಗಿಯಾದೀತು. ಸೋಜಿಗವೆಂದರೆ, ಕಷ್ಟ ಅವ್ವನಿಗೇ ಹೆಚ್ಚು. ಟಪಾಲು ನಿಂತರೆ ಮನೆಯಲ್ಲಿ ತನ್ನ ಜಾಗ ಯಾವುದು ಎಂಬ ದಿಗಿಲು. ಈ ದಿಗಿಲನ್ನು ಬಾಯಿಬಿಟ್ಟು ಹೇಳಿಸುವುದೇ ಚಿಕಿತ್ಸೆಯ ಅರ್ಧ ಕೆಲಸ.

ಇದು ಬರೀ ಪರದೇಶದ ವಿದ್ಯೆಯಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ಕೇಂದ್ರವಿದೆ.

ನಮ್ಮ ಜಿಲ್ಲೆಯೇನು ಕಮ್ಮಿ? 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರರಿಗೂ ಸಿಬ್ಬಂದಿಗೂ ಮನೋರೋಗದ ತರಬೇತಿ ಕೊಟ್ಟರು. ಇದೇ 'ಬಳ್ಳಾರಿ ಮಾದರಿ'. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ ಇದು. ಇಂಥ ಊರಿನವರೇ ಮನಸ್ಸಿನ ಡಾಕ್ಟರ ಬಾಗಿಲಿಗೆ ಮುಖಕ್ಕೆ ಟವೆಲ್ ಸುತ್ತಿಕೊಂಡು ಹೋದರೆ ಹೆಂಗ್ರಿ?

ಒಂದು ಎಚ್ಚರಿಕೆ. ಹೊಡೆತ-ಬಡಿತ ಇರುವ ಮನೆಯಲ್ಲಿ ಮೊದಲು ಪೆಟ್ಟು ತಿನ್ನುವವರ ರಕ್ಷಣೆ, ಒಟ್ಟಿಗೆ ಕೂರುವ ಮಾತು ಆಮೇಲೆ. ನಡೆಯುತ್ತಿರುವ ಗುಳಿಗೆಯನ್ನು ಡಾಕ್ಟರನ್ನು ಕೇಳದೆ ಬಿಡಬ್ಯಾಡ್ರಿ.

2022ರಲ್ಲಿ ಆರಂಭವಾದ ಟೆಲಿ ಮಾನಸ್, ನಂಬರು 14416. ಕನ್ನಡದಲ್ಲೇ ಮಾತಾಡಬಹುದು, ಕಾಸಿಲ್ಲ. ಚಿಕಿತ್ಸೆಗೆ ಅಪ್ಪ ಬರಲ್ಲ ಅಂದರೆ, ಬರುವವರಷ್ಟೇ ಮೊದಲು ಹೋಗಿ ಕೂತರೂ ನಡೆದೀತು.