ಬ್ರೇಕ್ ಹೇಳಿಕೆ

ಬ್ರೇಕ್ ಎಂಬುದು ಕಂಪ್ಯೂಟರ್ ಪ್ರೋಗ್ರಾಮಿಂಗ್‌ನಲ್ಲಿ ಲೂಪ್ ಒಂದನ್ನು ಅದರ ಎಲ್ಲ ಸುತ್ತುಗಳು ಮುಗಿಯುವ ಮೊದಲೇ ಕೊನೆಗೊಳಿಸುವ ಹೇಳಿಕೆ. ಸಿ, ಜಾವಾ, ಪೈಥಾನ್ ಮೊದಲಾದ ಭಾಷೆಗಳಲ್ಲಿ ಇದು ಇದೇ ಹೆಸರಿನಲ್ಲಿದೆ. ಬ್ರೇಕ್ ಕಾರ್ಯಗತವಾದ ಕೂಡಲೇ ನಿಯಂತ್ರಣವು ಲೂಪ್‌ನ ನಂತರದ ಸಾಲಿಗೆ ಹೋಗುತ್ತದೆ. ಕಂಟಿನ್ಯೂ ಹೇಳಿಕೆಯು ಇದಕ್ಕಿಂತ ಭಿನ್ನ; ಅದು ನಡೆಯುತ್ತಿರುವ ಸುತ್ತನ್ನು ಮಾತ್ರ ಬಿಟ್ಟು ಮುಂದಿನ ಸುತ್ತನ್ನು ಆರಂಭಿಸುತ್ತದೆ.

ಉದಾಹರಣೆ

ವಿಜಯಪುರ, ತಿಕೋಟಾ ಮತ್ತು ಬಬಲೇಶ್ವರ ವಿಜಯಪುರ ಜಿಲ್ಲೆಯ ತಾಲ್ಲೂಕುಗಳು. ಇದೇ ಕ್ರಮದಲ್ಲಿರುವ ಮೂರು ತಾಲ್ಲೂಕುಗಳ ಊರುಗಳ ಪಟ್ಟಿಯಲ್ಲಿ, ತಿಕೋಟಾ ತಾಲ್ಲೂಕಿಗೆ ಸೇರಿದ ಹೊನವಾಡವನ್ನು ಹುಡುಕುವ ಕ್ರಮವಿಧಿ ಹೀಗಿರಬಹುದು:

೧. ಪ್ರತಿ ತಾಲ್ಲೂಕನ್ನು ಸರದಿಯಂತೆ ತೆಗೆದುಕೊಳ್ಳು.
೨. ಆ ತಾಲ್ಲೂಕಿನ ಪ್ರತಿ ಊರನ್ನು ಸರದಿಯಂತೆ ನೋಡು.
೩. ಊರು ಹೊನವಾಡವಾಗಿದ್ದರೆ ಬ್ರೇಕ್.
೪. ಎರಡೂ ಲೂಪ್ ಮುಗಿದ ಮೇಲೆ ಕೊನೆಯದಾಗಿ ತೆಗೆದುಕೊಂಡ ತಾಲ್ಲೂಕಿನ ಹೆಸರನ್ನು ಮುದ್ರಿಸು.

ಇದರ ಉತ್ತರ 'ಬಬಲೇಶ್ವರ' ಎಂದು ಬರುತ್ತದೆ, ಅದು ತಪ್ಪು. ಬ್ರೇಕ್ ತನ್ನನ್ನು ಸುತ್ತುವರಿದ ಅತ್ಯಂತ ಒಳಗಿನ ಲೂಪ್ ಅನ್ನು ಮಾತ್ರ ನಿಲ್ಲಿಸುತ್ತದೆ. ಇಲ್ಲಿ ಊರುಗಳ ಲೂಪ್ ನಿಂತರೂ ತಾಲ್ಲೂಕುಗಳ ಲೂಪ್ ಮುಂದುವರಿದು ಬಬಲೇಶ್ವರವನ್ನು ತಲುಪುತ್ತದೆ.

ಪರಿಹಾರ

ಹುಡುಕಾಟವನ್ನು ಪ್ರತ್ಯೇಕ ಫಂಕ್ಷನ್‌ನಲ್ಲಿ ಬರೆದು, ಊರು ಸಿಕ್ಕಿದೊಡನೆ ರಿಟರ್ನ್ ಮೂಲಕ ತಾಲ್ಲೂಕಿನ ಹೆಸರನ್ನು ಹಿಂದಿರುಗಿಸಿದರೆ ಎರಡೂ ಲೂಪ್‌ಗಳು ಒಟ್ಟಿಗೆ ನಿಲ್ಲುತ್ತವೆ. 'ಸಿಕ್ಕಿತು' ಎಂಬ ಚರಾಂಶವನ್ನಿಟ್ಟು ಹೊರಗಿನ ಲೂಪ್‌ನಲ್ಲಿ ಅದನ್ನು ಪರೀಕ್ಷಿಸುವುದು ಇನ್ನೊಂದು ವಿಧಾನ. ಜಾವಾದಲ್ಲಿ ಹೊರಗಿನ ಲೂಪ್‌ಗೆ ಲೇಬಲ್ ಕೊಟ್ಟು, ಬ್ರೇಕ್ ಜೊತೆ ಆ ಲೇಬಲ್ ಅನ್ನು ಬರೆಯಬಹುದು. ಪೈಥಾನ್‌ನಲ್ಲಿ ಲೂಪ್‌ಗೆ ಎಲ್ಸ್ ಭಾಗವನ್ನು ಸೇರಿಸಬಹುದು; ಬ್ರೇಕ್ ಇಲ್ಲದೆ ಲೂಪ್ ಪೂರ್ಣಗೊಂಡಾಗ ಮಾತ್ರ ಅದು ನಡೆಯುವುದರಿಂದ 'ಊರು ಸಿಗಲಿಲ್ಲ' ಎಂದು ತಿಳಿಸಲು ಉಪಯುಕ್ತ.

ಇಫ್ ಮತ್ತು ಬ್ರೇಕ್

ಬ್ರೇಕ್ ಅನ್ನು ಸಾಮಾನ್ಯವಾಗಿ ಇಫ್ ಒಳಗೆ ಬರೆಯುವುದರಿಂದ ಅದು ಇಫ್‌ನಿಂದ ಹೊರಬರುತ್ತದೆಂದು ಆರಂಭಿಕರು ಭಾವಿಸುವುದುಂಟು. ಸಿ ಭಾಷೆಯಲ್ಲಿ ಬ್ರೇಕ್ ಕೊನೆಗೊಳಿಸುವುದು ಲೂಪ್ ಅಥವಾ ಸ್ವಿಚ್ ಅನ್ನು, ಇಫ್ ಅನ್ನು ಅಲ್ಲ. ೧೯೯೦ರ ಜನವರಿ ೧೫ರಂದು ಅಮೆರಿಕದ ಎಟಿ ಆಂಡ್ ಟಿ ಕಂಪನಿಯ ದೂರವಾಣಿ ಜಾಲವು ಸುಮಾರು ೯ ಗಂಟೆಗಳ ಕಾಲ ಅಸ್ತವ್ಯಸ್ತಗೊಂಡು, ಕೋಟ್ಯಂತರ ಕರೆಗಳು ಸಂಪರ್ಕ ಪಡೆಯಲಿಲ್ಲ. ಸಿ ಭಾಷೆಯ ತಂತ್ರಾಂಶದಲ್ಲಿ, ಸ್ವಿಚ್ ಒಳಗಿನ ಇಫ್‌ನಲ್ಲಿ ತಪ್ಪಾಗಿ ಇರಿಸಿದ್ದ ಒಂದು ಬ್ರೇಕ್ ಇದಕ್ಕೆ ಕಾರಣವಾಗಿತ್ತು.